ಎರಡಾಣೆಯ ಡಾಕ್ಟರು: ಅಂಗಡಿ ಬಾಗಿಲಿಗೆ ಬ್ಯಾಂಕು ನಡೆಸಿಕೊಂಡು ಬಂದವರ ಲೆಕ್ಕಾಚಾರ

ಸಂಜೆಯ ಹೊತ್ತು ಪೇಟೆಯಲ್ಲಿ ಅಂಗಡಿಯವರು ಯಾರಿಗಾದರೂ ತಪ್ಪಿಸಿಕೊಳ್ಳಲು ನೋಡುತ್ತಾರೆ ಎಂದಾದರೆ ಅದು ಇಬ್ಬರಿಗೆ. ಒಬ್ಬ ಚಂದಾ ಕೇಳುವವ. ಇನ್ನೊಬ್ಬ ಪಿಗ್ಮಿ ಕಲೆಕ್ಟರ್. ಚಂದಾದವ ವರ್ಷಕ್ಕೆ ನಾಲ್ಕು ಬಾರಿ ಬಂದಾನು. ಪಿಗ್ಮಿಯವ ಹಾಗಲ್ಲ, ಮಳೆಯಿರಲಿ ಬಿಸಿಲಿರಲಿ ಹಾಜರು! "ಇವತ್ತು ವ್ಯಾಪಾರವೇ ಇಲ್ಲ ಮಾರಾಯ್ರೇ, ನಾಳೆ ಬನ್ನಿ" ಎಂದರೆ ಮುಖ ಗಂಟು ಹಾಕದೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮರುದಿನ ಮತ್ತೆ ಬರುತ್ತಾನೆ. ವರ್ಷದ ಕೊನೆಗೆ ಮಗಳ ಕಾಲೇಜು ಫೀಸಿಗೋ ಅಂಗಡಿಯ ಮಾಡಿನ ಹಂಚು ಬದಲಿಸುವುದಕ್ಕೋ ಒಂದು ಗಂಟು ಹಣ ಕೈಗೆ ಬಂದಾಗ ಮಾತ್ರ ಅದೇ ಅಂಗಡಿಯವರು ಹೇಳುವುದು: "ಆ ಜನ ಪೀಡಿಸಿದ್ದಕ್ಕೆ ಇಷ್ಟಾದರೂ ಉಳಿಯಿತು."

ಈ ಪೀಡೆಯನ್ನು ನಮ್ಮ ಕರಾವಳಿಯಲ್ಲಿ ಹುಟ್ಟುಹಾಕಿದವರು ಬ್ಯಾಂಕು ಕಲಿತವರಲ್ಲ, ವ್ಯಾಪಾರ ಶಾಸ್ತ್ರ ಓದಿದವರೂ ಅಲ್ಲ. ಅವರೊಬ್ಬ ಡಾಕ್ಟರು! ತೋನ್ಸೆ ಮಾಧವ ಅನಂತ ಪೈ. ಊರಿಗೆಲ್ಲ ಡಾ. ಟಿ.ಎಂ.ಎ. ಪೈ.

1898ರ ಏಪ್ರಿಲ್ 30ರಂದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದ ಪೈಯವರು 1979ರ ಮೇ 29ರಂದು ತೀರಿಕೊಂಡರು. ನಡುವಿನ 81 ವರ್ಷಗಳಲ್ಲಿ ಅವರು ಹೂಡಿದ ಬಂಡವಾಳಗಳ ಪಟ್ಟಿ ನೋಡಿದರೆ ಯಾವ ಜಾಣ ವ್ಯಾಪಾರಿಯೂ ತಲೆ ಕೆರೆದುಕೊಳ್ಳಬೇಕು. ಬಡವನ ಜೇಬಿನ ಎರಡಾಣೆಯ ಮೇಲೆ ಹೂಡಿದರು. ಬೋಳುಗುಡ್ಡದ ಮೇಲೆ ಹೂಡಿದರು. ಇನ್ನೂ ಮೀಸೆ ಮೂಡದ ಹುಡುಗರ ಓದಿನ ಮೇಲೆ ಹೂಡಿದರು. ಮೂರೂ ಫಲಿಸಿದವು. ಹೇಗೆ ಎಂಬುದನ್ನು ಅಂಗಡಿ ನಡೆಸುವವರೂ ಬಸ್ಸಿನಲ್ಲಿ ನಿತ್ಯ ಓಡಾಡುವವರೂ ಒಮ್ಮೆ ವಿಚಾರ ಮಾಡಬೇಕಾದ್ದೇ.

ಡಾಕ್ಟರಿಗೆ ಬ್ಯಾಂಕು ಯಾಕೆ?

ಮದರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಬಂದ ಪೈಯವರಿಗೆ ಆಗ ಇಪ್ಪತ್ತೇಳರ ಪ್ರಾಯ. ಅದು 1925. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಕೈಮಗ್ಗದ ಕಸುಬು ಸೊರಗಿತ್ತು. ನೇಕಾರರ ಮನೆಯಲ್ಲಿ ಮಗ್ಗ ಉಂಟು, ನೂಲಿಗೆ ಕಾಸಿಲ್ಲ. ಕಾಸು ಬೇಕೆಂದರೆ ಸಾಹುಕಾರನ ಬಡ್ಡಿ. ಬಡ್ಡಿ ಕಟ್ಟಿ ಮುಗಿಯುವಾಗ ಮಗ್ಗವೇ ಮುಗಿದಿರುತ್ತಿತ್ತು.

ಆಗ ಮೂವರು ಸೇರಿದರು. ವ್ಯಾಪಾರ ಬಲ್ಲ ಅಣ್ಣ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಮತ್ತು ನಮ್ಮ ಡಾಕ್ಟರು. ಉಡುಪಿಯಲ್ಲಿ ಒಂದು ಸಂಸ್ಥೆ ಎದ್ದಿತು. ಹೆಸರು ಮಾತ್ರ ರೈಲುಗಾಡಿಯಷ್ಟು ಉದ್ದ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ಬಂಡವಾಳ ಎಂಟು ಸಾವಿರ ರೂಪಾಯಿ. ಇದೇ ಮುಂದೆ ದೇಶವೆಲ್ಲ ಹೆಸರು ಕೇಳಿದ ಸಿಂಡಿಕೇಟ್ ಬ್ಯಾಂಕು.

ಬ್ಯಾಂಕು ನಮ್ಮ ಕಡೆಯವರಿಗೆ ಹೊಸದೇನಲ್ಲ ಎಂಬುದನ್ನೂ ಹೇಳಬೇಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ಸಂಸ್ಥೆಯೇ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಬೀಜ ಬಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ಒಂದೇ ಜಿಲ್ಲೆಯಿಂದ ಐದು ಬ್ಯಾಂಕು! ಇಷ್ಟು ಪೈಪೋಟಿಯ ನಡುವೆ ಎಂಟು ಸಾವಿರ ಹಿಡಿದುಕೊಂಡು ಬಂದವರು ದೊಡ್ಡವರ ಠೇವಣಿಯನ್ನೇ ಕಾದು ಕುಳಿತಿದ್ದರೆ ಏನಾಗುತ್ತಿತ್ತು? ಅಂಗಡಿ ತೆರೆದು ಗಿರಾಕಿಗೆ ಕಾದು ನೊಣ ಹೊಡೆದವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಎರಡಾಣೆ ಲೆಕ್ಕ

1928ರಲ್ಲಿ ಬಂತು ಪಿಗ್ಮಿ ಯೋಜನೆ. ಪಿಗ್ಮಿ ಎಂದರೆ ಕುಳ್ಳ, ಚಿಕ್ಕದು. ಹೆಸರಿಗೆ ತಕ್ಕ ಹಾಗೆ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು. ಬ್ಯಾಂಕಿಗೆ ನೀವು ಬರುವುದು ಬೇಡ, ಬ್ಯಾಂಕಿನ ಪರವಾಗಿ ಒಬ್ಬ ಜನ ನಿಮ್ಮ ಬಾಗಿಲಿಗೆ ಬರುತ್ತಾನೆ. ಕಾಸು ಕೊಡಿ, ಪುಸ್ತಕದಲ್ಲಿ ಬರೆಸಿಕೊಳ್ಳಿ. ಅಷ್ಟೇ.

ಹಳೆ ನಾಣ್ಯದ ಲೆಕ್ಕ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹದಿನಾರಾಣೆಗೆ ಒಂದು ರೂಪಾಯಿ. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ದಿನಕ್ಕೆ ಎರಡಾಣೆಯಂತೆ ವರ್ಷವಿಡೀ ಕಟ್ಟಿದರೆ 730 ಆಣೆ, ಅಂದರೆ 45 ರೂಪಾಯಿ ಹತ್ತಾಣೆ. ಬಡ್ಡಿ ಬೇರೆ. ಇನ್ನೊಂದು ಬದಿಯಿಂದ ನೋಡಿ. ಬ್ಯಾಂಕು ಶುರುವಾದ ಆ ಎಂಟು ಸಾವಿರ ರೂಪಾಯಿಯನ್ನು ಎರಡಾಣೆಗಳಾಗಿ ಎಣಿಸಿದರೆ 64 ಸಾವಿರ ಸಲ ಎಣಿಸಬೇಕು. 176 ಜನ ವರ್ಷಕ್ಕೊಮ್ಮೆಯೂ ತಪ್ಪಿಸದೆ ಎರಡಾಣೆ ಕಟ್ಟಿದರೆ ಅಷ್ಟು ಹಣ ಒಂದೇ ವರ್ಷದಲ್ಲಿ ಸೇರುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಮಕ್ಕಳ ಕಾಪಿ ಪುಸ್ತಕದಲ್ಲಿ ಬರೆಸುತ್ತೇವೆ. ಡಾಕ್ಟರು ಅದನ್ನು ಬ್ಯಾಂಕಿನ ಲೆಡ್ಜರಿನಲ್ಲಿ ಬರೆಸಿದರು.

ಹುಚ್ಚಿನೊಳಗಿನ ಜಾಣತನ

ಮೇಲುನೋಟಕ್ಕೆ ಇದು ಶುದ್ಧ ನಷ್ಟದ ಬಾಬತ್ತು. ಎರಡಾಣೆ ವಸೂಲಿಗೆ ಒಬ್ಬ ಮನುಷ್ಯ ಬೀದಿ ತಿರುಗಬೇಕು. ಅವನಿಗೆ ಕಮಿಶನ್ ಕೊಡಬೇಕು. ಪುಸ್ತಕ ಬೇಕು, ರಶೀದಿ ಬೇಕು, ಚಿಲ್ಲರೆ ಎಣಿಸುವವರು ಬೇಕು. ಒಬ್ಬ ಜಮೀನುದಾರ ಒಂದೇ ಸಲ ತಂದು ಇಡುವ ಸಾವಿರ ರೂಪಾಯಿಗೆ ಈ ರಗಳೆ ಒಂದೂ ಇಲ್ಲ. ಹಾಗಿದ್ದರೆ ಈ ಉಸಾಬರಿ ಯಾಕೆ?

ಮೊದಲ ಕಾರಣ: ಜಮೀನುದಾರ ಒಂದೇ ಸಲ ಇಟ್ಟ ಹಣವನ್ನು ಒಂದೇ ಸಲ ತೆಗೆಯುತ್ತಾನೆ. ಅವನ ಮಗಳ ಮದುವೆ ಬಂತೆಂದರೆ ಬ್ಯಾಂಕಿನ ಪೆಟ್ಟಿಗೆಗೆ ಚಳಿಜ್ವರ. ಸಾವಿರ ಜನರ ಎರಡಾಣೆ ಹಾಗಲ್ಲ. ಅಷ್ಟು ಜನರ ಮನೆಯಲ್ಲಿ ಒಂದೇ ದಿನ ಮದುವೆ ನಡೆಯುವುದಿಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬ ಕಟ್ಟುತ್ತಾನೆ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಅಂಗಡಿಗೂ ದಿನಕ್ಕೆ ಇನ್ನೂರು ಸಣ್ಣ ಗಿರಾಕಿಗಳು ಬರುವ ಅಂಗಡಿಗೂ ಇರುವ ವ್ಯತ್ಯಾಸವೇ ಇದು. ಯಾವುದು ಆಷಾಢದಲ್ಲೂ ಬಾಗಿಲು ಹಾಕುವುದಿಲ್ಲ ಎಂಬುದು ನಿಮಗೇ ಗೊತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ದಿನಾ ಬಾಗಿಲಿಗೆ ಹೋಗುವವನ ಕಣ್ಣಿಗೆ ಬೀಳದ್ದು ಯಾವುದುಂಟು? ಯಾರ ಅಂಗಡಿಯಲ್ಲಿ ಮಾಲು ತುಂಬಿದೆ, ಯಾರ ಕಪಾಟು ಖಾಲಿ, ಯಾರು ಮಾತಿಗೆ ತಪ್ಪದವ, ಯಾರು ಸಂಜೆಯಾದರೆ ಗಡಂಗಿಗೆ ಹೋಗುವವ, ಎಲ್ಲ ತಿಳಿಯುತ್ತದೆ. ಸಾಲ ಕೇಳಲು ಬಂದ ಮೀನು ಮಾರುವ ಹೆಂಗಸಿನ ಹತ್ತಿರ ಅಡವಿಡಲು ಭೂಮಿ ಇಲ್ಲ, ಚಿನ್ನ ಇಲ್ಲ. ಆದರೆ ಮುನ್ನೂರು ದಿನ ತಪ್ಪದೆ ಕಟ್ಟಿದ ಪಿಗ್ಮಿ ಪುಸ್ತಕ ಉಂಟಲ್ಲ! ಅದಕ್ಕಿಂತ ದೊಡ್ಡ ಜಾಮೀನು ಬೇಕೇ? ದಿನಾ ಉಳಿಸಬಲ್ಲವರು ದಿನಾ ತೀರಿಸಲೂ ಬಲ್ಲರು. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಕಂಪ್ಯೂಟರಿನಲ್ಲಿ ಹುಡುಕುವ ಸಾಲಯೋಗ್ಯತೆಯನ್ನು ಅಂದು ಚಪ್ಪಲಿ ಸವೆಸಿಕೊಂಡು ಹುಡುಕುತ್ತಿದ್ದರು.

ಮೂರನೆಯದು ಮನುಷ್ಯಸ್ವಭಾವ. ಕೈಯಲ್ಲಿದ್ದ ಕಾಸು ಬೆಣ್ಣೆಯ ಹಾಗೆ, ಇಟ್ಟಲ್ಲೇ ಕರಗುತ್ತದೆ. ತಿಂಗಳ ಕೊನೆಗೆ ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತೇನೆ ಎಂದವನ ಹತ್ತಿರ ತಿಂಗಳ ಕೊನೆಗೆ ಉಳಿಯುವುದು ಕ್ಯಾಲೆಂಡರು ಮಾತ್ರ. ಕಾಸು ಗಲ್ಲಾಪೆಟ್ಟಿಗೆಯಲ್ಲಿ ಬಿಸಿಯಾಗಿರುವಾಗಲೇ ಕೇಳಬೇಕು. ರೋಗಿಯ ನಾಡಿ ಹಿಡಿದ ಕೈಗೆ ಜನರ ಚಪಲದ ನಾಡಿಯೂ ಸಿಕ್ಕಿತ್ತು ಎನ್ನದೆ ವಿಧಿಯಿಲ್ಲ.

ಪಟ್ಟಣಕ್ಕೆ ಬೆನ್ನು, ಹಳ್ಳಿಗೆ ಮುಖ

ಬೆಳೆಯುವ ಸಂಸ್ಥೆ ಮೊದಲ ಶಾಖೆ ತೆರೆಯುವುದು ಎಲ್ಲಿ? ಮಂಗಳೂರು, ಮದರಾಸು, ಬೊಂಬಾಯಿ ಎಂದೀರಿ. ಇವರು 1928ರಲ್ಲಿ ಮೊದಲ ಶಾಖೆ ತೆರೆದದ್ದು ಬ್ರಹ್ಮಾವರದಲ್ಲಿ! ಇವತ್ತು ಕುಂದಾಪುರ ಬಸ್ಸು ಹತ್ತಿದರೆ ಸೀಟು ಸಿಕ್ಕಿ ಸುಧಾರಿಸಿಕೊಳ್ಳುವಷ್ಟರಲ್ಲಿ ಬರುವ ಊರು. ಬೇರೆಯವರು ಹೋಗದ ಕಡೆಗೆ ಹೋದರೆ ಪೈಪೋಟಿ ಇಲ್ಲ, ಜನರ ವಿಶ್ವಾಸ ಪೂರ್ತಿ ನಮ್ಮದೇ ಎಂಬ ಲೆಕ್ಕ.

ಈ ಲೆಕ್ಕ ಎಲ್ಲಿಗೆ ತಲುಪಿತು ನೋಡಿ. 1969ರ ಜುಲೈ 19ರಂದು ಇಂದಿರಾ ಗಾಂಧಿ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ ಬ್ಯಾಂಕುಗಳು ಅವು. ಆ ಹದಿನಾಲ್ಕರಲ್ಲಿ ಎರಡು ನಮ್ಮ ಜಿಲ್ಲೆಯವು, ಕೆನರಾ ಮತ್ತು ಸಿಂಡಿಕೇಟ್. ಎಂಟು ಸಾವಿರದಲ್ಲಿ ಹೊರಟದ್ದು 44 ವರ್ಷಗಳಲ್ಲಿ ಐವತ್ತು ಕೋಟಿಯ ಗಡಿ ದಾಟಿತ್ತು. ಅಣ್ಣನ ಮಗ ಟಿ.ಎ. ಪೈಯವರು ಬ್ಯಾಂಕನ್ನು ಬೆಳೆಸಿ, ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಮುಂದೆ ಕೇಂದ್ರದ ರೈಲ್ವೆ ಮಂತ್ರಿಯೂ ಆದರು. 1975ರ ಅಕ್ಟೋಬರ್ 2ರಂದು ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕು 'ಪ್ರಥಮಾ' ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತೆರೆದಾಗ ಅದರ ಪ್ರಾಯೋಜಕ ಬ್ಯಾಂಕು ಕೂಡ ಸಿಂಡಿಕೇಟೇ. ಬ್ರಹ್ಮಾವರದ ಪಾಠ ಮೊರಾದಾಬಾದಿಗೆ ಹೋಯಿತು!

ಬೋಳುಗುಡ್ಡದ ಮೇಲೆ ಬಂಡವಾಳ

ಉಡುಪಿಯಿಂದ ಐದಾರು ಕಿಲೋಮೀಟರು ದೂರದ ಮಣಿಪಾಲ ಆಗ ಮುರಕಲ್ಲಿನ ಬೋಳುಗುಡ್ಡ. ಮಣ್ಣಪಳ್ಳ ಎಂಬ ಕೆರೆಯಿಂದ ಊರಿಗೆ ಆ ಹೆಸರು. ಹಗಲಲ್ಲೂ ಅತ್ತ ಹೋಗಲು ಜನ ಹಿಂದೆಮುಂದೆ ನೋಡುತ್ತಿದ್ದ ಜಾಗ. ಅಲ್ಲಿ ಮೆಡಿಕಲ್ ಕಾಲೇಜು ಕಟ್ಟುತ್ತೇನೆ ಎಂದರು ಡಾಕ್ಟರು. ಸರಕಾರದ ದುಡ್ಡಿಲ್ಲದೆ!

ಅದಕ್ಕೆ ಮೊದಲೇ ಅವರು ಶಿಕ್ಷಣಕ್ಕೆ ಕೈ ಹಾಕಿಯಾಗಿತ್ತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಯಿತು. ಮೆಡಿಕಲ್ ಕಾಲೇಜಿಗೆ ದೊಡ್ಡ ಆಸ್ಪತ್ರೆ ಬೇಕು, ಅದು ಮಣಿಪಾಲದಲ್ಲಿ ಇನ್ನೂ ಎದ್ದಿರಲಿಲ್ಲ. ಡಾಕ್ಟರು ಸುಮ್ಮನೆ ಕೂರಲಿಲ್ಲ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳ ತರಬೇತಿಗೆ ಏರ್ಪಾಡಾಯಿತು. ಕಾಲೇಜು ಖಾಸಗಿ, ಆಸ್ಪತ್ರೆ ಸರಕಾರಿ. ಈಗ ಇಂಥದ್ದಕ್ಕೆ ಉದ್ದುದ್ದ ಹೆಸರು ಕೊಟ್ಟು ಸಮ್ಮೇಳನ ಮಾಡುತ್ತಾರೆ. 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಬಂತು. 1972ರಲ್ಲಿ ಪದ್ಮಶ್ರೀ ಬಂತು.

ಕಾಲೇಜು ನಡೆಸುವ ದುಡ್ಡು ಎಲ್ಲಿಂದ? ಓದುವವರ ಫೀಸಿನಿಂದ. ಅಲ್ಲಿಯೂ ಪಿಗ್ಮಿಯ ಬುದ್ಧಿಯೇ. ಸರಕಾರ ಕೊಟ್ಟೀತು ಎಂದು ಕಾಯುವ ಬದಲು ಬೇಕಾದವರಿಂದಲೇ ಕೂಡಿಸು ಎಂಬ ನೀತಿ.

ಆದರೆ ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಎರಡಾಣೆ ಎಲ್ಲರ ಜೇಬಿನಲ್ಲೂ ಇತ್ತು, ಮೆಡಿಕಲ್ ಸೀಟಿನ ಫೀಸು ಎಲ್ಲರ ಜೇಬಿನಲ್ಲಿ ಇರಲಿಲ್ಲ. ಬಡವರ ಮನೆಯ ಬಾಗಿಲಿಗೆ ಬ್ಯಾಂಕು ತಂದ ಅದೇ ಕೈಗಳು ಕಟ್ಟಿದ ಕಾಲೇಜಿನ ಬಾಗಿಲು ಉಳ್ಳವರಿಗೆ ಸುಲಭವಾಗಿ ತೆರೆಯಿತು ಎಂಬ ಟೀಕೆ ಅಂದೂ ಇತ್ತು, ಇಂದೂ ಉಂಟು. ಈ ದಾರಿಯನ್ನು ನೋಡಿ ರಾಜ್ಯದ ತುಂಬ ಖಾಸಗಿ ಕಾಲೇಜುಗಳು ಎದ್ದವು. ಕೆಲವರಿಗೆ ಅದು ವಿದ್ಯೆಯ ಅಂಗಡಿಯೇ ಆಯಿತು. 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾನೂನು ತರಬೇಕಾಯಿತು. ಕೊನೆಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ, ಖಾಸಗಿಯವರು ಕಾಲೇಜು ಕಟ್ಟಬಹುದು, ನಡೆಸಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಶನ್ನೂ ಕೂಡದು ಎಂದು ಹೇಳಿತು. ಆ ಮೊಕದ್ದಮೆಯ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್ ಮೊಕದ್ದಮೆ.

ಇನ್ನೊಂದು ಮುಖವನ್ನೂ ನೋಡಬೇಕು. ಗುಡ್ಡಕ್ಕೆ ಕಾಲೇಜು ಬಂದಮೇಲೆ ಆಸ್ಪತ್ರೆ ಬಂತು, ಬಸ್ಸು ಬಂತು, ಹೋಟೆಲು, ಮೆಡಿಕಲ್ ಶಾಪು, ರೂಮು ಬಾಡಿಗೆ, ಜೆರಾಕ್ಸ್ ಅಂಗಡಿ ಬಂದವು. ಎಷ್ಟು ಸಂಸಾರಗಳು ಆ ಗುಡ್ಡದಿಂದ ಅನ್ನ ತಿನ್ನುತ್ತವೆ! ಬೆಳಿಗ್ಗೆ ಉಡುಪಿಯಿಂದ ಮಣಿಪಾಲ ಬಸ್ಸಿನಲ್ಲಿ ಕಂಬ ಹಿಡಿದು ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡೂ ಸತ್ಯ. ತಕ್ಕಡಿಯ ಎರಡೂ ತಟ್ಟೆ ನೋಡಿಯೇ ತೂಕ ಹೇಳಬೇಕು.

ನಡೆದವರ ಪಾಡು

ಪಿಗ್ಮಿ ಎಂದಾಗ ಯೋಜನೆ ಹಾಕಿದವರ ಹೆಸರು ಬರುತ್ತದೆ. ನಡೆದವರ ಹೆಸರು? ಬೀದಿ ಸುತ್ತಿದ ಕಲೆಕ್ಟರಿಗೆ ಸಂಬಳವಿಲ್ಲ, ಕಮಿಶನ್ ಮಾತ್ರ. ಜ್ವರ ಬಂದು ಮಲಗಿದರೆ ಆ ದಿನದ ಸಂಪಾದನೆ ಸೊನ್ನೆ. ಇವರು ನೌಕರರೋ ಅಲ್ಲವೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2001ರಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಇವರು ಕಾರ್ಮಿಕರೇ ಹೌದು, ಆದರೆ ಬ್ಯಾಂಕಿನ ಕಾಯಂ ಸಿಬ್ಬಂದಿಗೆ ಸಮಾನರಲ್ಲ ಎಂದಿತು. ಅರ್ಧ ಹೊಟ್ಟೆಗೆ ಊಟ ಸಿಕ್ಕಿದ ಹಾಗಾಯಿತು. ಬಾಗಿಲಿಗೆ ಬಂದವನಿಗೆ ಒಂದು ಲೋಟ ನೀರು ಕೊಡುವುದರಲ್ಲಿ ನಮ್ಮ ಗಂಟೇನೂ ಹೋಗುವುದಿಲ್ಲ.

ಬೋರ್ಡು ಇಳಿಯಿತು, ಬುದ್ಧಿ ಉಳಿಯಬೇಕು

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ಹಿಂದಿನ ವರ್ಷವೇ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿ ಹೋಗಿತ್ತು. ಐದು ಬ್ಯಾಂಕು ಹೆತ್ತ ಜಿಲ್ಲೆಯ ಹೆಸರುಗಳಲ್ಲಿ ಉಳಿದವು ಎರಡು, ಕೆನರಾ ಮತ್ತು ಕರ್ಣಾಟಕ. ಬೋರ್ಡು ಇಳಿಸಿದಾಗ ಹಿರಿಯರು ಕಣ್ಣೊರೆಸಿಕೊಂಡದ್ದು ಸಹಜ.

ಅತ್ತು ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ನಾವು ಕಟ್ಟಿದ ಹಣ ನಮ್ಮೂರಿನ ಅಂಗಡಿಗೆ, ನಮ್ಮೂರಿನ ಹುಡುಗರ ವರ್ಕ್‌ಶಾಪಿಗೆ ಸಾಲವಾಗಿ ಬರುತ್ತದೆಯೇ? ಕರಾವಳಿಯವರು ಠೇವಣಿ ಇಡುವುದರಲ್ಲಿ ಮುಂದು, ಇಲ್ಲಿ ಸಿಗುವ ಸಾಲ ಅದಕ್ಕೆ ತಕ್ಕಷ್ಟಿಲ್ಲ ಎಂಬ ದೂರು ಹಳೆಯದು. ಅಂದು ಪಿಗ್ಮಿ ಪುಸ್ತಕ ನೋಡಿ ಸಾಲ ಕೊಡಲು ಮನಸ್ಸು ಮಾಡುವ ಜನ ಹತ್ತಿರದಲ್ಲೇ ಕುಳಿತಿದ್ದರು. ಇಂದು ಅರ್ಜಿ ದೂರದ ಆಫೀಸಿಗೆ ಹೋಗುತ್ತದೆ. ಅಲ್ಲಿಯವರಿಗೆ ನಿಮ್ಮ ಅಂಗಡಿ ಮೂರು ದಿನ ಮುಚ್ಚಿದ್ದು ಯಾಕೆ ಎಂದು ಗೊತ್ತಿಲ್ಲ. ಸೂತಕವೋ, ಸೋಮಾರಿತನವೋ, ಅವರಿಗೆ ಎರಡೂ ಒಂದೇ.

ನಮಗೆ ಏನು ಪಾಠ?

ಉಪದೇಶ ಬೇಡ ಎನ್ನುವವರಿಗೆ ನಾಲ್ಕೇ ಮಾತು.

ಒಂದು: ಸಣ್ಣ ಗಿರಾಕಿಯನ್ನು ಸಣ್ಣವನೆಂದು ಕಾಣಬೇಡಿ. ಐದು ರೂಪಾಯಿಯ ಬೆಂಕಿಪೆಟ್ಟಿಗೆಗೆ ಬಂದವನೇ ನಾಳೆ ತಿಂಗಳ ಸಾಮಾನಿನ ಚೀಟಿ ತರುವವ.

ಎರಡು: ಗಿರಾಕಿ ಬರಲಿ ಎಂದು ಕಾಯುವ ಕಾಲ 1928ರಲ್ಲೇ ಮುಗಿದಿದೆ. ಈಗ ಫೋನು ಒತ್ತಿದರೆ ಸಾಮಾನು ಮನೆಗೆ ತರುವವರು ಬಂದಿದ್ದಾರೆ ಎಂದು ಪೇಟೆಯವರು ಗೋಳಾಡುತ್ತಾರೆ. ಬಾಗಿಲಿಗೆ ಹೋಗುವ ವಿದ್ಯೆ ನಮ್ಮೂರಿನದೇ ಅಲ್ಲವೇ?

ಮೂರು: ಮೊದಲು ಉಳಿಸಿ, ಆಮೇಲೆ ಖರ್ಚು ಮಾಡಿ. ದಿನಕ್ಕೆ 50 ರೂಪಾಯಿ ಎಂದರೆ ವರ್ಷಕ್ಕೆ 18,250. ಬಸ್ಸಿನವರು ಸ್ಟ್ಯಾಂಡಿನಲ್ಲಿ ಕಾಯುವಾಗ ಹೋಗುವ ಎರಡು ಚಹಾ, ಒಂದು ಗೋಳಿಬಜೆಯ ಲೆಕ್ಕ ಅದು. ಚಹಾ ಬಿಡಿ ಎಂದು ನಾವು ಹೇಳುವುದಿಲ್ಲ, ಲೆಕ್ಕ ಇಡಿ ಎನ್ನುತ್ತೇವೆ.

ನಾಲ್ಕು, ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ: ಪಿಗ್ಮಿ ಎಂಬ ಹೆಸರಿದ್ದದ್ದೆಲ್ಲ ಬ್ಯಾಂಕಿನದ್ದಲ್ಲ. ಈಗ ಪತ್ತಿನ ಸಹಕಾರ ಸಂಘಗಳು, ಸೌಹಾರ್ದಗಳು ಕೂಡ ಪಿಗ್ಮಿ ಎತ್ತುತ್ತವೆ. ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆ ಉಂಟು. 2020ರಿಂದ ಈ ಮಿತಿ. ಬ್ಯಾಂಕಲ್ಲದ ಸಂಘದ ಠೇವಣಿಗೆ ಈ ವಿಮೆ ಇಲ್ಲ. 1997ರಲ್ಲಿ ಸಿ.ಆರ್.ಬಿ. ಎಂಬ ಫೈನಾನ್ಸ್ ಕಂಪನಿ ಕುಸಿದಾಗ, 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಬಾಗಿಲು ಹಾಕಿದಾಗ ಅತ್ತವರು ಹೆಚ್ಚಿನ ಆದಾಯದ ಆಸೆಗೆ ಬಿದ್ದ ನಮ್ಮ ನಿಮ್ಮಂಥವರೇ. ದಿನದ ರಶೀದಿ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಆಫೀಸಿಗೆ ಹೋಗಿ ಪುಸ್ತಕದ ಲೆಕ್ಕವೂ ಅವರ ಲೆಕ್ಕವೂ ತಾಳೆಯಾಗುತ್ತದೆಯೇ ನೋಡಿ. ಅವಧಿಗೆ ಮೊದಲೇ ಮುರಿದರೆ ಬಡ್ಡಿ ಎಷ್ಟು ಕಡಿತ ಎಂದು ಕಟ್ಟುವ ಮೊದಲೇ ಕೇಳಿ. ಕೇಳಿದರೆ ಸಿಟ್ಟಾಗುವ ಸಂಸ್ಥೆಗೆ ಕೈ ಮುಗಿದು ಬನ್ನಿ.

ಡಾಕ್ಟರು ಎರಡಾಣೆ ಕೂಡಿಸಿದ್ದು ಹೆಚ್ಚು ಬಡ್ಡಿಯ ಆಸೆ ತೋರಿಸಿ ಅಲ್ಲ. ಕೊಟ್ಟ ಕಾಸು ಕೇಳಿದ ದಿನ ಸಿಗುತ್ತದೆ ಎಂಬ ನಂಬಿಕೆ ತೋರಿಸಿ. ವ್ಯಾಪಾರದಲ್ಲಿ ಮಾಲು ಸಾಲಕ್ಕೆ ಸಿಕ್ಕೀತು, ಬಂಡವಾಳ ಬಡ್ಡಿಗೆ ಸಿಕ್ಕೀತು. ನಂಬಿಕೆಯನ್ನು ಮಾತ್ರ ದಿನಕ್ಕೆ ಎರಡಾಣೆಯಂತೆ ನಾವೇ ಕಟ್ಟಿ ಕೂಡಿಸಬೇಕು.